ರೇಣುಕಾಗೆ ನಾನು ಕೊಟ್ಟ ನೆಮ್ಮದಿ

ಶಿಕ್ಷಕರ ನೆಮ್ಮದಿಯ ಬಗ್ಗೆ ಎರಡು ದಿನದ ತರಬೇತಿ ಮುಗಿಸಿ ಬಂದ ಮೇಲೆ, ಬಸವೇಶ್ವರನಗರದ ನಮ್ಮ ಹೈಸ್ಕೂಲಿನಲ್ಲಿ ಇನ್ನು ಯಾರನ್ನೂ ನೆಮ್ಮದಿಯಿಲ್ಲದೆ ಇರಲು ಬಿಡಬಾರದು ಎಂದು ತೀರ್ಮಾನಿಸಿದ್ದೆ. ಎದುರಿನವರ ಮಾತನ್ನು ಕೇಳಿಸಿಕೊಳ್ಳಿ ಎಂಬುದೇ ಅಲ್ಲಿ ಹೇಳಿಕೊಟ್ಟ ಪಾಠ. ಇಪ್ಪತ್ತಮೂರು ವರ್ಷ ಗಣಿತ ಕಲಿಸಿದವಳಿಗೆ ಅದು ಯಾವ ಮಹಾ ಕೆಲಸ! ಮನೆಯಲ್ಲಿ ಹೇಳಿದರೆ ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಅವರು ಮಾತಾಡುವಾಗ ನೀನು ಸುಮ್ಮನಿರಬೇಕಂತಾ? ಅದಕ್ಕೆ ಎರಡೇ ದಿನ ಸಾಕಾಯ್ತಾ?" ಅಂದರು.

ಮರುದಿನವೇ ಎಚ್‌ಎಂ ಮೇಡಂ ಕರೆದರು. ಜೂನ್‌ನಲ್ಲಿ ಬಾಗಲಕೋಟೆ ಕಡೆಯಿಂದ ಬಂದು ಸೇರಿದ ವಿಜ್ಞಾನದ ರೇಣುಕಾ, ಕೆಲಸ ಬಿಡುವ ಮಾತಾಡುತ್ತಿದ್ದಾಳಂತೆ. ಅವಳು ಹೋದರೆ ನಡುವರ್ಷದಲ್ಲಿ ಹತ್ತನೇ ಕ್ಲಾಸಿನ ವಿಜ್ಞಾನಕ್ಕೆ ದಿಕ್ಕಿಲ್ಲ. ಹೇಗಾದರೂ ಉಳಿಸಿಕೊಳ್ಳಿ ಎಂದರು.

ಟೈಮ್‌ಟೇಬಲ್ ನೋಡಿದೆ. ಬುಧವಾರ ನಾಲ್ಕನೇ ಪೀರಿಯಡ್ ಅವಳಿಗೂ ಬಿಡುವು, ನನಗೂ ಬಿಡುವು. ಎಂಥ ಯೋಗ!

ಮೊದಲ ಬುಧವಾರ ಅವಳನ್ನು ಲ್ಯಾಬಿನಲ್ಲಿ ಕೂರಿಸಿದೆ. ತರಬೇತಿಯಲ್ಲಿ ಹೇಳಿಕೊಟ್ಟಂತೆ ತುಸು ಮುಂದಕ್ಕೆ ಬಾಗಿ, ಕೇಳಿಸಿಕೊಳ್ಳುವುದು ಎಷ್ಟು ಮುಖ್ಯ ಎಂಬುದನ್ನು ವಿವರಿಸಿದೆ. ನಲವತ್ತು ನಿಮಿಷ ವಿವರಿಸಿದೆ. ರೇಣುಕಾ ಬಾಯಿ ತೆರೆದದ್ದು ಒಂದೇ ಸಲ. ಅದೂ ಆಕಳಿಸಲು.

ಎರಡನೇ ಬುಧವಾರ ನಾನು ಮಾತೇ ಆಡಬಾರದೆಂದು, ಮನಸ್ಸಿನಲ್ಲಿರುವುದನ್ನು ಹಾಳೆಯಲ್ಲಿ ಬರೆದುಕೊಡಲು ಹೇಳಿದೆ. 'ತುಂಬಾ ದಣಿದಿದ್ದೇನೆ' ಎಂದು ಶುರುಮಾಡಿ ಪಾಪ, ಐದಾರು ಸಾಲು ಬರೆದಳು. ನನ್ನ ಕೈ ಸುಮ್ಮನಿರಬೇಕಲ್ಲ! ಕೆಂಪು ಪೆನ್ನು ತೆಗೆದು, ಮಾರ್ಜಿನ್ ಬಿಡದಿದ್ದಕ್ಕೆ ಒಂದು ಗೆರೆ ಎಳೆದು, ಕೆಳಗೆ 'ಇನ್ನೂ ವಿವರವಾಗಿ ಬರೆಯಬಹುದಿತ್ತು' ಎಂದು ಷರಾ ಹಾಕಿ, ಸಹಿ ಮಾಡಿ ಕೊಟ್ಟೆ. ಅವಳು ಹಾಳೆ ನೋಡಿದಳು, ನನ್ನನ್ನು ನೋಡಿದಳು, ನಾಲ್ಕು ಮಡಿಕೆ ಮಾಡಿ ಬ್ಯಾಗಿನೊಳಗೆ ಇಟ್ಟುಕೊಂಡಳು.

ಮೂರನೇ ಬುಧವಾರ ರಾಜೀನಾಮೆ ಪತ್ರವನ್ನೇ ಹಿಡಿದು ಬಂದಳು. ಎಚ್‌ಎಂ ಮೇಡಂಗೆ ಏನು ಹೇಳಲಿ ಎಂದು ಯೋಚಿಸುತ್ತಾ, ಮಾತು ಶುರುಮಾಡುವುದನ್ನೇ ಮರೆತೆ. ಹೀಗಾಗಿ ಮೊಟ್ಟಮೊದಲ ಬಾರಿಗೆ ಕೇಳಿಸಿಕೊಂಡೆ.

"ಪಾಠ ಮಾಡೋದು ನನಗ ಭಾಳ ಸೇರ್ತೈತ್ರಿ ಮೇಡಂ," ಅಂದಳು. "ಆದ್ರ ಯಾರ ರಜಾ ಹಾಕಿದ್ರೂ ಅವರ ಕ್ಲಾಸಿಗೆ ನಾನ ಹೋಗಬೇಕ್ರಿ. ವಾರದಾಗ ಕುಂದರಾಕ ಉಳಿಯೋದು ಇದೊಂದ ಪೀರಿಯಡ್. ಅದನ್ನೂ ನೀವ ತಗೊಂಡ್ರಿ."

ರಜೆ ಹಾಕಿದವರ ಕ್ಲಾಸಿಗೆ ಬದಲಿ ಯಾರು ಎಂದು ದಿನಾ ಬೆಳಗ್ಗೆ ಸ್ಟಾಫ್‌ರೂಮಿನ ಬೋರ್ಡಿನಲ್ಲಿ ಬರೆಯುವವಳು ನಾನೇ. ಹಳಬರ ಹೆಸರು ಬರೆದರೆ ಜಗಳಕ್ಕೆ ಬರುತ್ತಾರೆ. ಹೊಸಬಳು, ಎದುರಾಡುವುದಿಲ್ಲ ಎಂದು ಇವಳ ಹೆಸರು ಬರೆದು ನಾನು ನೆಮ್ಮದಿಯಾಗಿದ್ದೆ.

"ಇದನ್ನ ಮೊದಲನೇ ದಿನವೇ ಹೇಳಬಾರದಿತ್ತೇನ್ರೀ?" ಎಂದೆ.

"ನೀವು ಮಾತಾಡಾಕತ್ತಿದ್ರಲ್ರೀ," ಅಂದಳು.

ಬೋರ್ಡಿನಲ್ಲಿ ಇನ್ನು ಹಳಬರ ಹೆಸರೂ ಬರೆಯುತ್ತೇನೆ ಎಂದೆ. ಪತ್ರ ಅವಳ ಬ್ಯಾಗಿಗೇ ವಾಪಸ್ ಹೋಯಿತು, ಇನ್ನೂ ಒಂದು ಷರತ್ತಿನ ಮೇಲೆ: ನಾನು ಅವಳಿಗೆ ಇನ್ನು ನೆಮ್ಮದಿ ಕೊಡಬಾರದು. ಎಚ್‌ಎಂ ಮೇಡಂಗೆ ಮಾತ್ರ ಖುಷಿಯೋ ಖುಷಿ. ಉಳಿದ ಟೀಚರ್‌ಗಳ ಜೊತೆಗೂ ಹೀಗೇ ಒಂದೊಂದು ಪೀರಿಯಡ್ ಕೂತುಕೊಳ್ಳಿ ಎಂದರು. ಸ್ಟಾಫ್‌ರೂಮಿಗೆ ಸುದ್ದಿ ಮುಟ್ಟಿದ್ದೇ ತಡ, ಹನ್ನೊಂದು ಜನ ಸಾಲಾಗಿ ಬಂದು, ತಾವು ಅತ್ಯಂತ ನೆಮ್ಮದಿಯಿಂದ ಇದ್ದೇವೆಂದು ಬರೆದು ಸಹಿ ಹಾಕಿ ಕೊಟ್ಟುಹೋದರು.