ಇಳಿಯುವ ಸೀಟು, ಇಳಿಯದ ಸೀಟು

ಸೈಕಲ್ ಅಂಗಡಿಯವನ ಮರ್ಯಾದೆಯೂ ಟ್ಯೂಬಿನ ಗಾಳಿಯ ಹಾಗೆಯೇ; ಒಂದು ತೂತು ಮುಚ್ಚಿದರೆ ಇನ್ನೊಂದು ಕಡೆಯಿಂದ ಹೋಗುತ್ತಿರುತ್ತದೆ. ಬಾಗಲಕೋಟೆ ವಿದ್ಯಾಗಿರಿಯ ನನ್ನ ಅಂಗಡಿಗೆ 'ಸೈಕಲ್ ತಜ್ಞರು' ಎಂದು ಬೋರ್ಡು ಬರೆಸಿದ ದಿನ ಹೆಂಡತಿಗೆ ಜಂಬದಿಂದ ಹೇಳಿದ್ದೆ: "ನಾ ಜೋಡಿಸಿದ ಸೈಕಲ್ ಕೈ ಕೊಟ್ರ, ಈ ಬೋರ್ಡ್ ನಾನೇ ಇಳಸ್ತೇನಿ."

ಆಕೆ ಇಳಕಲ್ಲಿನ ನೇಕಾರರ ಮಗಳು. ಎಳೆ ಮರೆತರೂ ಮಾತು ಮರೆಯುವವಳಲ್ಲ.

1. ಕೂಡಲಸಂಗಮದ ದಾರಿ

ಕಾಲೇಜಿನ ಭೌತಶಾಸ್ತ್ರದ ಪ್ರೊಫೆಸರ್ ಒಬ್ಬರು ಕಾರ್ಬನ್ ಸೈಕಲ್ ತರಿಸಿ, ಜೋಡಿಸಲು ನನಗೆ ಕೊಟ್ಟರು. ಪೆಟ್ಟಿಗೆಯಲ್ಲಿ ಪೇಸ್ಟಿನ ಪುಟ್ಟ ಪೊಟ್ಟಣವೂ ಇತ್ತು. ಮುಟ್ಟಿ ನೋಡಿದರೆ ಒಳಗೆ ಸಣ್ಣ ಮರಳು. "ಮಣ್ಣು ಬಿದ್ದ ಗ್ರೀಸ್ ಕಳಿಸ್ಯಾರ" ಎಂದು ಮೂಲೆಗೆ ಎಸೆದೆ. ಸೀಟಿನ ಪೈಪಿಗೆ ನನ್ನ ಡಬ್ಬಿಯ ಗ್ರೀಸನ್ನೇ ಹೋಳಿಗೆಗೆ ತುಪ್ಪ ಹಾಕಿದ ಹಾಗೆ ಹಾಕಿದೆ.

ಪ್ರೊಫೆಸರ್ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕೂಡಲಸಂಗಮಕ್ಕೆ ಹೊರಟರು. ಹೋಗುವಾಗ ಎಲ್ಲರಿಗಿಂತ ಎತ್ತರ ಕಾಣುತ್ತಿದ್ದರು. ಊರು ದಾಟಿದ ಹಾಗೆಲ್ಲ ಸೀಟು ಜಾರುತ್ತ ಬಂದು, ಸಂಗಮ ಮುಟ್ಟುವಾಗ ಮೊಣಕಾಲು ಗದ್ದಕ್ಕೆ ಬಡಿಯುತ್ತಿತ್ತು.

ಮರುದಿನ ಅಂಗಡಿಗೆ ಬಂದರು. "ಇಷ್ಟು ವರ್ಷ ಘರ್ಷಣೆ ಪಾಠ ಮಾಡೀನ್ರಿ. ನೀವು ಒಂದು ಬೆರಳ ಗ್ರೀಸಿನಾಗ ಅಳಿಸಿ ಹಾಕಿದ್ರಿ."

2. ಲಾಳಿ ಮತ್ತು ಗಂಜಿ

ನಾನು ಸಂಕಟದಿಂದ ಹೆಂಡತಿಗೆ ಹೇಳಿಕೊಂಡೆ. ಆಕೆ ಮೂಲೆಯ ಪೊಟ್ಟಣ ಆರಿಸಿ ತಂದಳು.

"ಮಗ್ಗದಾಗ ಲಾಳಿ ಓಡಬೇಕು, ಅದಕ್ಕ ಎಣ್ಣಿ. ನೂಲು ಗಟ್ಟಿ ನಿಲ್ಲಬೇಕು, ಅದಕ್ಕ ಗಂಜಿ. ನಿಮ್ಮ ಸೀಟು ಓಡಬೇಕೋ, ನಿಲ್ಲಬೇಕೋ?"

ಗ್ರೀಸ್ ಒರೆಸಿ ಆ ಮರಳು ಪೇಸ್ಟ್ ಹಚ್ಚಿದೆ. ಮರಳು ಪೈಪನ್ನು ಕಚ್ಚಿ ಹಿಡಿಯಿತು, ಸೀಟು ನಿಂತಿತು. "ಬೋರ್ಡು?" ಎಂದು ಮೆಲ್ಲಗೆ ಕೇಳಿದೆ.

"ಒಂದು ಸಲ ಮಾಫ್" ಅಂದಳು.

3. ಹುನಗುಂದದ ಸುತ್ತು

ಪಾಠ ಕಲಿತೆ. ಸ್ವಲ್ಪ ಜಾಸ್ತಿಯೇ ಕಲಿತೆ. ಮಾವನವರ ಮನೆಯ ಕಬ್ಬಿಣದ ಸೈಕಲ್ ಬಿಚ್ಚಿ ಜೋಡಿಸುವಾಗ ಸೀಟಿನ ಪೈಪಿನ ಗ್ರೀಸನ್ನೆಲ್ಲ ತಿಕ್ಕಿ ತೆಗೆದೆ. ಆಗ ಅದನ್ನು ತುಳಿಯುತ್ತಿದ್ದವನು ಹೆಂಡತಿಯ ತಮ್ಮ, ಆರಡಿ ಆಳು. ಸೀಟನ್ನು ಅವನ ಅಳತೆಗೇ ಏರಿಸಿಟ್ಟೆ. ತುಕ್ಕು ತಡೆಯುತ್ತಿದ್ದುದು ಆ ಗ್ರೀಸೇ; ಮಳೆಗಾಲ ಕಳೆಯುವಷ್ಟರಲ್ಲಿ ಪೈಪು ಒಳಗೇ ತುಕ್ಕು ಹಿಡಿದು ಕೂತಿತು. ಆ ತಮ್ಮ ಮೋಟಾರ್ ಸೈಕಲ್ ಕೊಂಡ. ಸೈಕಲ್ ಮಾವನವರ ಪಾಲಿಗೆ ಬಂತು. ಮಾವನವರು ಐದಡಿ, ಅದೂ ಟೋಪಿ ಸೇರಿ.

ಒಂದು ದಿನ ಅವರ ಫೋನ್ ಬಂತು. "ಅಳಿಯಂದ್ರ, ಮನಿ ಕಟ್ಟಿ ಮ್ಯಾಲಿಂದ ಸೈಕಲ್ ಹತ್ತಿ ಹುನಗುಂದಕ್ಕ ಬಂದೀನಿ. ಇಲ್ಲೆ ಇಳಿಯಾಕ ಕಟ್ಟಿ ಸಿಗವಲ್ದು. ಬಸ್‌ಸ್ಟ್ಯಾಂಡಿಗೆ ನಾಕನೇ ಸುತ್ತು ಹಾಕಾಕತ್ತೇನಿ."

"ಯಾರಿಗರೆ ಹಿಡಕೊಳ್ರಿ ಅನ್ರಿ, ಮಾವಾ."

"ಅಂದೆ. ಒಬ್ಬಾಂವ 'ಹರಕಿ ಇದ್ರ ಪೂರಾ ಮಾಡ್ರಿ, ಅಜ್ಜಾರ, ನಡುವ ಬಿಡಬಾರ್ದು' ಅಂತ ಕೈ ಮುಗದು ಹೋದ."

ಹೆಂಡತಿ ಫೋನ್ ಕಸಿದುಕೊಂಡಳು. "ಅಪ್ಪಾ, ಹೊಳ್ಳಿ ಮನಿಗೇ ಹೋಗು. ಕಟ್ಟಿ ಅಲ್ಲೇ ಐತಿ."

ಭಾನುವಾರ ಪಾನಾ, ಸುತ್ತಿಗೆ, ಸೀಮೆಎಣ್ಣೆ ಹೊತ್ತು ಇಳಕಲ್ಲಿಗೆ ಹೋದೆ. ಸಂಜೆತನಕ ಬಡಿದೆ, ಜಗ್ಗಿದೆ, ಬೇಡಿಕೊಂಡೆ. ಮಾವನವರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಬಾಗಲಕೋಟೆಗೆ ಮರಳಿದಾಗ ಹೆಂಡತಿ ಅಂಗಡಿಯ ಮುಂದೆ ಏಣಿ ತಂದು ಇಟ್ಟಳು.

ಸೀಟು ಇಳಿಯಲಿಲ್ಲ. ಬೋರ್ಡು ಇಳಿಯಿತು, ಗ್ರೀಸ್ ಇಲ್ಲದೆ.