ರಾಜನ ಮುಖಕ್ಕೆ ಸಬಕಾರ

ಮಧ್ಯಾಹ್ನ ಊಟವಾದ ಮೇಲೆ ಒಂದು ತಾಸು ಮಲಗುವ ಹಕ್ಕನ್ನು ಯಾವ ಸರ್ಕಾರವೂ ಕಸಿಯಬಾರದು ಎಂಬುದು ಶಿರಸಿ ಪೇಟೆಯ ಕಿರಾಣಿ ವ್ಯಾಪಾರಿ ಮಡಿವಾಳಪ್ಪನ ರಾಜಕೀಯ ಸಿದ್ಧಾಂತ. ಸರ್ಕಾರವೇನೋ ಪಾಪ ಅವನ ತಂಟೆಗೆ ಬಂದಿರಲಿಲ್ಲ. ಮುಂಬಯಿ ರಾಜ್ಯ ಹೋಗಿ ಮೈಸೂರು ರಾಜ್ಯ ಬಂದು ಐದಾರು ವರ್ಷವಾದರೂ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಅವನ ಚಾಪೆ ಹಾಸಿದಲ್ಲೇ ಇತ್ತು. ಕಸಿದವರು ಮನೆಯೊಳಗೇ ಇದ್ದರು. ಅವನ ಮಕ್ಕಳು ಆರು, ತಮ್ಮ ಶಿವಪುತ್ರಪ್ಪನ ಮಕ್ಕಳು ಐದು. (ತಮ್ಮ ಬುದ್ಧಿವಂತ. ಹೊಲ ನೋಡಿಕೊಳ್ಳಬೇಕೆಂದು ಹೆಂಡತಿಯೊಡನೆ ಬನವಾಸಿಯಲ್ಲೇ ಉಳಿದು, ಮಕ್ಕಳನ್ನು ಮಾತ್ರ ವಿದ್ಯೆ ಕಲಿಯಲಿ ಎಂದು ಅಣ್ಣನ ಮನೆಗೆ ದಾಟಿಸಿದ್ದ.)

ಆ ವರ್ಷ ಶಾಲೆಗೆ ಅಕ್ಟೋಬರ್ ಸೂಟಿ ಬಿಟ್ಟ ದಿನವೇ ಮನೆಯಲ್ಲಿ ಮಹಾಯುದ್ಧ ಆರಂಭವಾಯಿತು. ಮಡಿವಾಳಪ್ಪ ಕಣ್ಣು ಮುಚ್ಚುವುದಕ್ಕೂ, ಎಣ್ಣೆಯ ಖಾಲಿ ಡಬ್ಬಿ ಬಡಿಯುತ್ತ ಹನ್ನೊಂದು ಜನರ ದಂಡು ಅವನ ತಲೆದಿಂಬಿನ ಪಕ್ಕದಲ್ಲಿ ಹಾಯುವುದಕ್ಕೂ ಸರಿಹೋಗುತ್ತಿತ್ತು.

“ಏ ಇವಳಽ, ಈ ಮಂದಿಗೆ ಬಾಯಿ ಮುಚ್ಚಾಕ ಹೇಳಬಾರದೇನು?” ಎಂದು ಅವನು ಮಲಗಿದಲ್ಲಿಂದಲೇ ಕೂಗಿದ.

ಹೆಂಡತಿ ಗುರುಶಾಂತವ್ವ ಅಡಿಗೆಮನೆಯಿಂದಲೇ ಉತ್ತರ ಕೊಟ್ಟಳು. “ಹೇಳೇನ್ರಿ. ಒಂದು ಬಾಯಿ ಮುಚ್ಚೂದರಾಗ ಇನ್ನೊಂದು ತಗೀತೈತಿ. ನೀವಽ ಎದ್ದು ಒಂದು ಕಥಿ ಹೇಳ್ರಿ, ಸುಮ್ಮನಾಗ್ತಾವು.”

“ನನಗ ಕಥಿ ಎಲ್ಲಿ ಬರ್ತಾವು? ಬ್ಯಾಳಿ ಧಾರಣಿ ಕೇಳಿದ್ರ ಹೇಳ್ತೇನಿ.”

“ಧಾರಣಿನಽ ಹೇಳ್ರಿ. ಕೇಳಕೋಂತ ನಿದ್ದಿನಾರ ಮಾಡ್ತಾವು.”

ಈ ಅವಮಾನವನ್ನು ಹೊಟ್ಟೆಗೆ ಹಾಕಿಕೊಂಡು ಸಂಜೆ ಪೇಟೆಯಲ್ಲಿ ಹೋಗುತ್ತಿದ್ದಾಗ ಸಾರ್ವಜನಿಕ ವಾಚನಾಲಯದ ಕಿಟಕಿಯಲ್ಲಿ ಒಂದು ಅದ್ಭುತ ಕಾಣಿಸಿತು. ಒಳಗೆ ದೊಡ್ಡ ದೊಡ್ಡ ಗಂಡಸರು ಪಿಟ್ಟೆನ್ನದೆ ಕುಳಿತಿದ್ದರು. ಬೀದಿಯ ಆ ತುದಿಯಿಂದ ಈ ತುದಿಗೆ ಕೇಳುವಂತೆ ಮಾತಾಡುವ ಅರಿವೆ ಅಂಗಡಿಯವನೂ ಅವರ ನಡುವೆ ಮೂಕನಾಗಿದ್ದ. ಪುಸ್ತಕಕ್ಕೆ ಇಷ್ಟು ಶಕ್ತಿ ಇದೆ ಎಂದು ಇಷ್ಟು ವರ್ಷ ತನಗೆ ಯಾರೂ ಯಾಕೆ ಹೇಳಲಿಲ್ಲ ಎಂದು ಮಡಿವಾಳಪ್ಪನಿಗೆ ಸಿಟ್ಟೇ ಬಂತು. ನೇರ ಒಳಹೊಕ್ಕು ಸದಸ್ಯನಾದ.

ವಾಚನಾಲಯವನ್ನು ನೋಡಿಕೊಳ್ಳುತ್ತಿದ್ದ ಗೋವಿಂದ ಮಾಸ್ತರರು ಶಾಲೆಯಿಂದ ನಿವೃತ್ತರಾದವರು. ಪುಸ್ತಕವನ್ನು ಎಳೆಗೂಸಿನಂತೆ ಎರಡು ಕೈಯಲ್ಲಿ ಹಿಡಿಯುವವರು. ಒಬ್ಬ ಸದಸ್ಯನಿಗೆ ಒಂದು ಪುಸ್ತಕ, ಅದು ಕಾಯ್ದೆ ಎಂದು ಹೇಳಿ ಒಂದೇ ಒಂದು ಮಕ್ಕಳ ಪುಸ್ತಕ ಕೊಟ್ಟರು. ಅದು ಮನೆಗೆ ಬಂದಾಗ ಏನಾಯಿತೆಂದು ಬೇರೆ ಹೇಳಬೇಕೇ? ಸಿಕ್ಕವನು ದನಿಯೆತ್ತಿ ಓದಿದ, ಸಿಗದ ಹತ್ತು ಮಂದಿ ದನಿಯೆತ್ತಿ ಅತ್ತರು. ಎಣ್ಣೆ ಡಬ್ಬಿಯ ಕಾಲವೇ ಎಷ್ಟೋ ಚೆನ್ನಾಗಿತ್ತು.

ಮರುದಿನ ಮಡಿವಾಳಪ್ಪ ಮಾಸ್ತರರ ಮುಂದೆ ಮತ್ತೆ ನಿಂತ. “ರೊಟ್ಟಿ ಆಗಿದ್ರ ಮುರದು ಹಂಚತಿದ್ನಿರಿ ಮಾಸ್ತರ. ಪುಸ್ತಕ ಹೆಂಗ ಮುರದು ಹಂಚಲಿ?”

“ಮುರೀಬೇಡಿ ಮಾರಾಯ್ರೆ!” ಮಾಸ್ತರರು ಕುರ್ಚಿಯಿಂದ ಎದ್ದೇಬಿಟ್ಟರು. ಅವರಿಗೆ ಆ ದೃಶ್ಯ ಕಣ್ಣಿಗೆ ಕಟ್ಟಿರಬೇಕು. ಮತ್ತೆ ಕುಳಿತು, “ಹನ್ನೊಂದೂ ಕೊಡ್ತೆ. ಮಕ್ಕಳು ಓದ್ತಾರಂದ್ರೆ ಕಾಯ್ದೆ ಒಂಚೂರು ಬಗ್ಗಲಿ. ಆದ್ರೆ ಮಡಿವಾಳಪ್ಪನವರೇ, ಒಂದೇ ಒಂದು ಕಲೆ ಬಿತ್ತು ಅಂದ್ರೆ ಮತ್ತೆ ನಿಮ್ಮನೆಗೆ ಒಂದು ಹಾಳೆಯೂ ಬರೂದಿಲ್ಲ” ಎಂದರು.

“ನನ್ನ ರುಮಾಲಿನ ಆಣಿರಿ, ಕಲಿ ಬೀಳಂಗಿಲ್ಲ,” ಎಂದು ಮಡಿವಾಳಪ್ಪ ತಲೆಯ ಮೇಲಿನ ರುಮಾಲು ಮುಟ್ಟಿ ಹೇಳಿದ.

ಹನ್ನೊಂದು ಪುಸ್ತಕಗಳು ಬೆಲ್ಲದ ಚೀಲದಲ್ಲಿ (ಚೀಲ ಒಗೆದದ್ದೇ, ಗಾಬರಿಯಾಗಬೇಡಿ) ಮೆರವಣಿಗೆಯಲ್ಲಿ ಮನೆಗೆ ಬಂದವು. ಆಣೆಯ ಸುದ್ದಿ ಕೇಳಿದ ಗುರುಶಾಂತವ್ವ ಪಡಸಾಲೆಯ ಬಾಗಿಲಲ್ಲಿ ನಾಕಾ ಹಾಕಿದಳು. “ಕೈ ತೋರಸು” ಅನ್ನುವುದು, ಕೈ ತಿರುಗಿಸಿ ನೋಡುವುದು, ಮೂಸುವುದು. ಚಟ್ನಿಯ ವಾಸನೆ ಬಂದರೆ ಹಿತ್ತಲಿಗೆ ವಾಪಸು. ಕಡೆಯ ಮಗಳು, ಒಂದನೇ ಇಯತ್ತೆಯ ಪಾರವ್ವನನ್ನು ದಿನಕ್ಕೆ ಎಷ್ಟು ಸಲ ತೊಳೆಯಿಸಿದಳೋ, ಹುಡುಗಿಯ ಬಣ್ಣವೇ ಒಂದು ಸುತ್ತು ತಿಳಿಯಾಯಿತು.

ಮನೆ ಶಾಂತವಾಯಿತು. ರೊಟ್ಟಿ ಬಡಿಯುತ್ತ ಗುರುಶಾಂತವ್ವ ಒಂದೊಂದು ದಿನ ಒಂದೊಂದು ಮಗುವನ್ನು ಒಲೆಯ ಬಳಿ ಕೂರಿಸಿಕೊಂಡು ಓದಿಸಿ ಕೇಳತೊಡಗಿದಳು. ಅವಳು ತವರಿನಲ್ಲಿ ಮೂರನೆಯ ಇಯತ್ತೆಯವರೆಗೆ ಕಲಿತವಳು. ಮದುವೆಯಾದ ಮೇಲೆ ಪುಸ್ತಕ ಮುಟ್ಟಿರಲಿಲ್ಲ. “ನಿಮಗ ಪುಣ್ಯ ಬರಲಿರಿ,” ಎಂದಳು ಒಂದು ದಿನ ಗಂಡನಿಗೆ ಬಡಿಸುತ್ತ. “ಈ ಮನಿಗಿ ಬಂದಾಗಿಂದ ನನ್ನ ಕಿವಿಗೆ ಇಷ್ಟು ತಂಪು ಆಗಿದ್ದಿಲ್ಲ.” ಹೆಂಡತಿಯಿಂದ ಹೊಗಳಿಕೆ ಬಂದ ರೂಢಿಯಿಲ್ಲದ ಮಡಿವಾಳಪ್ಪ ಏನು ಮಾಡಬೇಕೆಂದು ತೋಚದೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಈಗ ಹೊಸ ತಾಪತ್ರಯ. ಆ ನಿಶ್ಶಬ್ದದಲ್ಲಿ ಅವನಿಗೆ ನಿದ್ದೆಯೇ ಬರಲೊಲ್ಲದು! ಹೊರಳಾಡಿ ಸಾಕಾಗಿ ಕೈಗೆ ಸಿಕ್ಕ ಪುಸ್ತಕ ತೆರೆದ. ಒಬ್ಬ ರಾಜ ಬೆಳಿಗ್ಗೆ ಏಳುತ್ತಾನೆ, ನೋಡಿದರೆ ಮೀಸೆ ಇಲ್ಲ! ಯಾರೋ ಕದ್ದೊಯ್ದಿದ್ದಾರೆ. ಮಂತ್ರಿಯ ಮೇಲೆ ಅನುಮಾನ, ಕ್ಷೌರಿಕನ ಮೇಲೆ ಅನುಮಾನ, ಅರಮನೆಯ ಇಲಿಯ ಮೇಲೂ ಅನುಮಾನ. ಮಡಿವಾಳಪ್ಪನಿಗೆ ಸ್ವತಃ ಗಿರಿಜಾ ಮೀಸೆ ಇದ್ದುದರಿಂದ ರಾಜನ ಸಂಕಟ ಕರುಳಿಗೇ ತಟ್ಟಿತು. ಕೊನೆಯ ಪುಟದಲ್ಲಿ ಕಳ್ಳ ಅಡಗಿದ ಕೋಣೆಯ ಬಾಗಿಲ ಮೇಲೆ ರಾಜ ಕೈಯಿಟ್ಟ, ಅಷ್ಟೇ. ಮುಂದಿನದು ಎರಡನೆಯ ಭಾಗದಲ್ಲಿ. ಎರಡನೆಯ ಭಾಗ ವಾಚನಾಲಯದ ಕಪಾಟಿನಲ್ಲಿ. ಕಲೆ ಬೀಳಬಾರದೆಂಬ ಕಾಳಜಿ ಅಂದಿನಿಂದ ಮಡಿವಾಳಪ್ಪನಿಗೆ ಹೆಂಡತಿಗಿಂತ ಹೆಚ್ಚಾಯಿತು.

ಅಷ್ಟರಲ್ಲಿ ಮಹಾನವಮಿ ಬಂತು. ಖಂಡೆ ಪೂಜೆಯ ದಿನ ಅಂಗಡಿಯ ತಕ್ಕಡಿ, ತೂಕದ ಕಲ್ಲು, ಬೆಲ್ಲ ಒಡೆಯುವ ಸುತ್ತಿಗೆ ಎಲ್ಲವನ್ನೂ ದೇವರ ಜಗಲಿಯ ಮುಂದೆ ಇಡುವುದು ಮನೆಯ ಪದ್ಧತಿ. ಪೂಜೆ ಮಡಿವಾಳಪ್ಪನ ತಾಯಿ ಕಲ್ಲವ್ವನದು. ಅದರಲ್ಲಿ ಬೇರೆಯವರು ಬಾಯಿ ಹಾಕುವಂತಿಲ್ಲ. ಅವನು ಅಂಗಡಿಯ ಬಾಗಿಲಿಗೆ ಮಾವಿನೆಲೆ ಕಟ್ಟಿ ಒಳಗೆ ಬಂದು ನೋಡುತ್ತಾನೆ: ತಕ್ಕಡಿಯ ಪಕ್ಕದಲ್ಲಿ ಹನ್ನೊಂದು ಪುಸ್ತಕಗಳು ಸಾಲಾಗಿ ಕುಳಿತಿವೆ! ಒಂದೊಂದರ ರಕ್ಷಾಪುಟದ ಮೇಲೂ ಮೂರು ಬೆರಳಿನ ವಿಭೂತಿ, ಅದರ ಕೆಳಗೆ ಕಲಸಿದ ಅರಿಶಿನದ ದೊಡ್ಡ ಬೊಟ್ಟು, ಅದರ ಮೇಲೆ ಕುಂಕುಮ.

“ಯವ್ವಾ! ಏನು ಮಾಡಿಟ್ಟೀಬೇ ಇದು!” ಎಂದು ಮಡಿವಾಳಪ್ಪ ಕೂಗಿದ.

“ಯಾಕೋ? ತಕ್ಕಡಿಗಿ ಹಚ್ಚಬೇಕು, ಸುತ್ತಿಗಿಗೆ ಹಚ್ಚಬೇಕು, ಸರಸ್ವತಿ ಮಾತ್ರ ಬರೇ ಹಣಿಲೆ ಕುಂದರಬೇಕೇನು?” ಎಂದು ಕಲ್ಲವ್ವ ಗಂಟೆ ಬಾರಿಸಿದಳು. “ಹುಡುಗೂರ ಗದ್ದಲ ನಿಂದರಿಸಿದ ಪುಣ್ಯಾತಗಿತ್ತಿ ಆಕಿ. ಕೈ ಮುಗಿ ಮೊದಲು.”

ಮಡಿವಾಳಪ್ಪ ಕೈ ಮುಗಿದ. ಬೇರೆ ದಾರಿ ಇರಲಿಲ್ಲ. ಪೂಜೆಗೆ ಇಟ್ಟದ್ದನ್ನು ಬನ್ನಿ ಹಬ್ಬ ಮುಗಿಯುವವರೆಗೆ ಮುಟ್ಟುವ ಹಾಗೂ ಇರಲಿಲ್ಲ. ಹಬ್ಬದ ಹೋಳಿಗೆ ಅವನ ಗಂಟಲಲ್ಲಿ ಇಳಿಯಲಿಲ್ಲ. (ಮೂರು ಇಳಿದವು. ಎಂದಿನಂತೆ ಇಳಿಯಲಿಲ್ಲ ಎಂದು ಅರ್ಥ.)

ಹಬ್ಬದ ಮರುದಿನ ಸಂಜೆ ಪುಸ್ತಕ ಮರಳಿಸಬೇಕು. ಮಧ್ಯಾಹ್ನ ಮನೆಯವರೆಲ್ಲ ಅಡ್ಡಾದಾಗ ಮಡಿವಾಳಪ್ಪ ರಾಜನ ಮೀಸೆಯ ಪುಸ್ತಕವೊಂದನ್ನೇ ಎತ್ತಿಕೊಂಡು, ಅಂಗಡಿಯಿಂದ ಬಟ್ಟೆ ಒಗೆಯುವ ಸಬಕಾರದ ಹೊಸ ತುಂಡು ತೆಗೆದುಕೊಂಡು, ಹಿತ್ತಲಿನ ಒಗೆಯುವ ಕಲ್ಲಿನ ಬಳಿ ಕುಳಿತ. ಮೊದಲು ಇದೊಂದನ್ನು ಮಡಿ ಮಾಡಿ, ಆಮೇಲೆ ಉಳಿದ ಹತ್ತು. ಅವನು ಹುಟ್ಟಿದಾಗಿನಿಂದ ಅರಿಶಿನ ಮಾರಿದವನು, ಸಬಕಾರ ಮಾರಿದವನು. ಆದರೆ ಜನ್ಮದಲ್ಲಿ ಒಂದು ಬಟ್ಟೆ ಒಗೆದವನಲ್ಲ. ಒದ್ದೆ ಅರಿವೆಗೆ ಸಬಕಾರ ತಿಕ್ಕಿ ರಕ್ಷಾಪುಟದ ಮೇಲಿನ ರಾಜನ ಮುಖ ಒರೆಸಿದ. ವಿಭೂತಿ ಹೋಯಿತು. ಕುಂಕುಮ ಹೋಯಿತು. ಹಳದಿ ಮಾತ್ರ ನೋಡನೋಡುತ್ತಿದ್ದಂತೆ ರಕ್ತದಂಥ ಕೆಂಪಾಯಿತು! ಗಾಬರಿಯಾಗಿ ಇನ್ನಷ್ಟು ತಿಕ್ಕಿದ. ಕೆಂಪು ಹರಡಿಕೊಂಡು ರಾಜನ ಮೂಗಿನ ಕೆಳಗೆ ಎಡಕ್ಕೂ ಬಲಕ್ಕೂ ಇಳಿಯಿತು.

“ಅಯ್ಯ ನಮ್ಮಪ್ಪ! ಅರಿಶಿಣಕ್ಕ ಸಬಕಾರ ಹಚ್ಚತಾರೇನ್ರಿ?” ಹಿಂದೆ ಗುರುಶಾಂತವ್ವ ನಿಂತಿದ್ದಳು, ಪಕ್ಕದಲ್ಲಿ ಪಾರವ್ವ. “ಅರಿಶಿಣದ ಅಂಗಡಿ ಇಟ್ಟೀರಿ, ಇಷ್ಟೂ ಗೊತ್ತಿಲ್ಲೇನು? ಒಣಗಿದ್ದು ಕೊಡವಿ ಎರಡು ದಿನ ಬಿಸಲಿಗೆ ಇಟ್ಟಿದ್ರ ತಾನಽ ಹೋಗತಿತ್ತು!”

“ಮೊದಲಽ ಯಾಕ ಹೇಳಲಿಲ್ಲ?”

“ನೀವು ಕೇಳೀರೇನು?” ಎಂದವಳ ಕಣ್ಣು ಪುಸ್ತಕದತ್ತ ಹೋಯಿತು. ಸೆರಗು ಬಾಯಿಗೆ ಹಿಡಿದರೂ ನಗು ಒಳಗೆ ನಿಲ್ಲಲಿಲ್ಲ.

ಸಂಜೆ ಇಡೀ ಮನೆ ವಾಚನಾಲಯಕ್ಕೆ ಹೊರಟಿತು. “ಮಾಸ್ತರಗ ನಾನಽ ಹೇಳ್ತೇನಿ ನಡಿ” ಎಂದು ಕಲ್ಲವ್ವ ಬನ್ನಿಯ ಎಲೆ ಹಿಡಿದು ಮುಂದೆ. ಗಲ್ಲಿಗೆ ಹೋಗುವವನಂತೆ ಮಡಿವಾಳಪ್ಪ ಚೀಲ ಹೊತ್ತು ಹಿಂದೆ.

ಗೋವಿಂದ ಮಾಸ್ತರರು ಪುಸ್ತಕಗಳನ್ನು ಒಂದೊಂದಾಗಿ ಹೊರತೆಗೆದರು. ವಿಭೂತಿ, ಅರಿಶಿನ, ಕುಂಕುಮ. ಮತ್ತೊಂದು, ಅದೂ ಹಾಗೆಯೇ. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಮಡಿವಾಳಪ್ಪನ ಕೈ ತಾನಾಗಿ ರುಮಾಲಿಗೆ ಹೋಯಿತು.

“ಈ ಊರಲ್ಲಿ ಪುಸ್ತಕದ ಮೇಲೆ ಚಾ ಕಪ್ಪು ಇಟ್ಟವರನ್ನ ಕಂಡಿದ್ದೆ,” ಎಂದರು ಮಾಸ್ತರರು ನಿಧಾನವಾಗಿ. “ಎಲೆಗೆ ಹಚ್ಚಿ ಉಳಿದ ಸುಣ್ಣ ಒರೆಸಿದವರನ್ನ ಕಂಡಿದ್ದೆ. ಹಾಳೆ ಹರಿದು ಶುಂಠಿ ಕಟ್ಟಿದವರನ್ನೂ ಕಂಡಿದ್ದೆ. ಪೂಜೆ ಮಾಡಿದವರನ್ನ ಕಂಡಿರಲಿಲ್ಲ. ಇದಕ್ಕೆ ಕಲೆ ಅಂತ ಹ್ಯಾಂಗೆ ಹೇಳೂದು ಅಜ್ಜಿ?” ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡರು.

ಮಡಿವಾಳಪ್ಪನಿಗೆ ಹೋದ ಜೀವ ಬಂತು. ಅಷ್ಟರಲ್ಲಿ ಹನ್ನೊಂದನೆಯದು ಹೊರಬಂತು.

“ಎಂತದು ಮಾರಾಯ್ರೆ ಇದು? ಈ ರಾಜನ ಮೀಸೆ ಕಳುವಾಗಿತ್ತಲ್ಲ, ಕೆಂಪು ಮೀಸೆ ಎಲ್ಲಿಂದ ಬಂತು?”

ಗುರುಶಾಂತವ್ವ ಬಾಯಿ ತೆರೆಯುವ ಮೊದಲೇ ಪಾರವ್ವ ಮುಂದೆ ಬಂದಳು. “ನಮ್ಮಪ್ಪ ಸಬಕಾರ ಹಚ್ಚಿ ರಾಜನ ಮಾರಿ ತೊಳದಾನ್ರಿ!”

ಮಾಸ್ತರರು ಪುಸ್ತಕ ನೋಡಿದರು, ಮಡಿವಾಳಪ್ಪನನ್ನು ನೋಡಿದರು, ಸಾಲಾಗಿ ನಿಂತ ಹನ್ನೊಂದು ಜೊತೆ ತೊಳೆದ ಕೈಗಳನ್ನು ನೋಡಿದರು. ಆಮೇಲೆ ತೀರ್ಪು ಹೊರಬಿತ್ತು. “ಮಾತು ಮಾತೇ. ಕಲೆ ಬಿದ್ದದ್ದು ನಿಮ್ಮಿಂದ. ನಿಮ್ಮ ಸದಸ್ಯತ್ವ ರದ್ದು, ಪುಸ್ತಕ ನೀವು ಮುಟ್ಟೂ ಹಾಂಗಿಲ್ಲ. ಚೀಲ ಹೊರಬಹುದು. ಮಕ್ಕಳಿಗೆ ಹನ್ನೊಂದು ಪುಸ್ತಕ ಇನ್ನು ಈ ತಂಗಿ ಹೆಸರಲ್ಲಿ.” ಹೆಸರು ಕೇಳಿ ಹೊಸ ಚೀಟಿಯ ಮೇಲೆ ದುಂಡಗೆ ಬರೆದು ಗುರುಶಾಂತವ್ವನ ಕೈಗೆ ಕೊಟ್ಟರು.

ಅವಳು ತನ್ನ ಹೆಸರನ್ನು ತುಟಿಯಲ್ಲೇ ಓದಿಕೊಂಡಳು, ಮತ್ತೊಮ್ಮೆ ಓದಿಕೊಂಡಳು. “ನಿಮ್ಮ ಉಪಕಾರ ಈ ಜನ್ಮದಾಗ ತೀರೂದಲ್ರಿ ಮಾಸ್ತರ,” ಎಂದಳು. ಕಣ್ಣು ತುಂಬಿತ್ತು. ಅದನ್ನು ನೋಡಿ ಮಡಿವಾಳಪ್ಪನಿಗೆ ತನ್ನ ಸದಸ್ಯತ್ವ ಹೋದ ದುಃಖ ಅರ್ಧಕ್ಕಿಳಿಯಿತು. ಉಳಿದರ್ಧ ಎರಡನೆಯ ಭಾಗದ್ದು. ಅದನ್ನು ಪುಣ್ಯಕ್ಕೆ ಪಾರವ್ವ ಆರಿಸಿಕೊಂಡಿದ್ದಳು.

ಮರುದಿನ ಮಧ್ಯಾಹ್ನ ಊಟ ಮುಗಿದದ್ದೇ ತಡ, ಮಡಿವಾಳಪ್ಪ ನಾಕಾಕ್ಕೆ ಬಂದು ತಾನಾಗಿಯೇ ಕೈ ಚಾಚಿದ. ಗುರುಶಾಂತವ್ವ ಮೂಸಿ ನೋಡಿ, “ಸಬಕಾರದ ವಾಸನಿ ಇನ್ನೂ ಐತಿ. ದೂರ ಕುಂದರ್ರಿ,” ಎಂದಳು. ಅವನು ಕೈ ಹಿಂದೆ ಕಟ್ಟಿ ಕುಳಿತ. ಪಾರವ್ವ ಬೆರಳಿಟ್ಟು ಓದತೊಡಗಿದಳು. “ಬಾ... ಗಿ... ಲು... ತೆ... ರೆ... ಯಿ... ತು. ಒ... ಳ... ಗೆ...” ಮಡಿವಾಳಪ್ಪ ಮುಂದಕ್ಕೆ ಬಾಗಿದ. “ಒ... ಳ...” ಹುಡುಗಿಯ ಕಣ್ಣು ಎಳೆಯಿತು. ಹಾಗೆಯೇ ಅಪ್ಪನ ತೊಡೆಯ ಮೇಲೆ ಒರಗಿ ನಿದ್ದೆ ಹೋದಳು. ಪುಸ್ತಕ ಮಗುಚಿಕೊಂಡಿತು.

ಇಡೀ ಮನೆ ಗಪ್‌ಚಿಪ್ಪು. ಗುರುಶಾಂತವ್ವ ಬಾಗಿಲಲ್ಲಿ ಬಂದು ನಿಂತಳು. “ಯಾಕ್ರಿ, ಈಗರೆ ಮಕ್ಕೊಳ್ರಿ. ಒಂದು ಸಪ್ಪಳಿಲ್ಲ.”

“ನಿದ್ದಿ ಯಾರಿಗೆ ಬೇಕಾಗೈತಿ?” ಅವನ ದನಿ ಅಳುವಂತಿತ್ತು. “ಆ ಮೀಸಿ ಕದ್ದಾಂವ ಯಾರಂತ ನಿನಗೇನರ ಗೊತ್ತೈತೇನಽ?”

“ಹೂಂ. ಮುಂಜಾನೆ ಒಲಿ ಮುಂದ ಕುಂತು ಪೂರಾ ಓದಿ ಮುಗಿಸೇನಿ. ಭಾರೀ ಛಲೋ ಐತ್ರಿ!” ಎಂದ ಅವಳ ಮುಖ ಬೆಳಗುತ್ತಿತ್ತು.

“ಹಂಗಾರ ಹೇಳಽ!”

“ಹುಡುಗಿ ಏಳಲಿ, ತಡೀರಿ,” ಎಂದು ಗುರುಶಾಂತವ್ವ ಒಳಗೆ ಹೋದಳು. ಮಡಿವಾಳಪ್ಪ ರುಮಾಲು ಬಿಚ್ಚಿ ಮಗಳಿಗೆ ಗಾಳಿ ಹಾಕುತ್ತ ಕಾದು ಕುಳಿತ.