ಮಾವನೂ ಮುಸುಕಿನ ವೀರರೂ

ನಮ್ಮ ಸೋದರಮಾವನಿಗೆ ಈ ಜಗತ್ತಿನಲ್ಲಿ ಶತ್ರುಗಳೇ ಇಲ್ಲ, ಕಾಮಿಕ್ ಪುಸ್ತಕದ ಸೂಪರ್‌ಹೀರೋಗಳನ್ನು ಬಿಟ್ಟರೆ! ಅವರಲ್ಲಿ ಒಬ್ಬನಾದರೂ ಬಸವನಗುಡಿಗೆ ಹಾರಿ ಬಂದು ಮಾವನ ಮನೆಯ ತೆಂಗಿನಕಾಯಿ ಕಿತ್ತುಕೊಂಡು ಹೋದವನಲ್ಲ. ಆದರೂ ಅವರ ಮಾತೆತ್ತಿದರೆ ಸಾಕು, ಮಾವ ಕುಡಿಯುತ್ತಿದ್ದ ಕಾಫಿಯನ್ನು ಅರ್ಧಕ್ಕೇ ಕೆಳಗಿಟ್ಟುಬಿಡುತ್ತಾರೆ. ಬೇರೆಯವರು ತೋಳೇರಿಸುವುದೂ ಒಂದೇ, ಮಾವ ಕಾಫಿ ಕೆಳಗಿಡುವುದೂ ಒಂದೇ.

ಜಗಳ ಶುರುವಾದದ್ದು ಮೊಮ್ಮಗಳಿಂದ. ಮೂರನೇ ಕ್ಲಾಸಿನ ಆಕೆ ಒಂದು ದಿನ ತಾತನ ತೊಡೆಯ ಮೇಲೆ ಕಾಮಿಕ್ ಪುಸ್ತಕ ಹರಡಿದಳು. ಮೈಗಂಟಿದ ಬಟ್ಟೆ, ಅದರ ಮೇಲೊಂದು ಚಡ್ಡಿ, ಮುಖಕ್ಕೆ ಮುಸುಕು! ಇಷ್ಟು ಅಲಂಕಾರದ ವೀರನೊಬ್ಬ ಕಟ್ಟಡದಿಂದ ಕಟ್ಟಡಕ್ಕೆ ನೆಗೆಯುತ್ತಿದ್ದ.

"ಇವನಿಗೆ ಶಕ್ತಿ ಎಲ್ಲಿಂದ ಬಂತು?" ಎಂದರು ಮಾವ.

"ಲ್ಯಾಬಲ್ಲಿ ಏನೋ ಬ್ಲಾಸ್ಟ್ ಆಯ್ತು ತಾತ, ಪವರ್ ಬಂದ್ಬಿಡ್ತು."

"ಲ್ಯಾಬಲ್ಲಿ ಬ್ಲಾಸ್ಟ್ ಆದ್ರೆ ನಮಗೆಲ್ಲ ಕೆಮ್ಮು ಬರತ್ತೆ! ತಪಸ್ಸಿಲ್ಲ, ವರ ಇಲ್ಲ, ಶಾಪಾನೂ ಇಲ್ಲ. ಪರೀಕ್ಷೆ ಬರೀದೇ ಪಾಸಾದೋನು ಇವನು. ಹೋಗ್ಲಿ, ಇವನಿಗೆ ನೈವೇದ್ಯ ಏನು? ಆಂಜನೇಯನಿಗೆ ವಡೆ ಸರ ಇದೆ. ರಾಮನಿಗೆ ಪಾನಕ, ಕೋಸಂಬರಿ ಇದೆ. ಇವನಿಗೆ?"

ಮೊಮ್ಮಗಳು ಸೋಲುವವಳೇ? ಮರುದಿನ ಪುಸ್ತಕವನ್ನು ಗೋಡೆಗೆ ಒರಗಿಸಿ, ಅದರ ಮುಂದೆ ಅರ್ಧ ಬರ್ಗರ್ ಇಟ್ಟಳು. ಮಾವ ಕನ್ನಡಕ ಏರಿಸಿ, ಬಗ್ಗಿ, ಗಂಭೀರವಾಗಿ ಪರಿಶೀಲಿಸಿದರು.

"ಇಡೀ ಬೀದಿಗೆ ಹಂಚೋಕೆ ಸಾಲಲ್ಲ. ಹಂಚೋಕೆ ಆಗ್ದೇ ಇರೋದು ಪ್ರಸಾದ ಅಲ್ಲ, ತಿಂಡಿ!"

ಮುಂದೆ ಈ ವಾದ ಮನೆ ದಾಟಿ ಲಾಲ್‌ಬಾಗಿಗೂ ಹೋಯಿತು. ಅಲ್ಲಿ ಮಾವನ ಜೊತೆ ವಾಕಿಂಗ್ ಮಾಡುವ ನಿವೃತ್ತ ಎಂಜಿನಿಯರ್ ಒಬ್ಬರಿದ್ದಾರೆ. ಪಾಪ, ಮುಸುಕಿನ ಪರವಾಗಿ ವಕಾಲತ್ತು ವಹಿಸಿದರು. "ಗುರುತು ಸಿಕ್ಕಿದ್ರೆ ಶತ್ರುಗಳು ಮನೆಯವರಿಗೆ ತೊಂದರೆ ಕೊಡ್ತಾರಲ್ವಾ ಸ್ವಾಮಿ? ಅದಕ್ಕೇ ಮುಖ ಮುಚ್ಕೊಳ್ಳೋದು."

"ಅಲ್ಲಾ ಸ್ವಾಮಿ, ಮುಖ ಮುಚ್ಕೊಂಡ್ರೆ ಕಷ್ಟ ಅಂತ ಬಂದೋರು ಯಾರ ಮನೆ ಬಾಗಿಲು ತಟ್ಬೇಕು? ನಮ್ಮ ಆಂಜನೇಯನ ಅಡ್ರೆಸ್ಸು ಯಾವ ಆಟೋದವನನ್ನ ಕೇಳಿದ್ರೂ ಹೇಳ್ತಾನೆ!"

"ಹೇಳ್ತಾನೆ, ಆದ್ರೆ ಬರಲ್ಲ ಅಂತಾನಲ್ಲ!"

ಆ ದಿನ ಮಾವ ಒಂದು ಸುತ್ತು ಕಡಿಮೆ ಹಾಕಿ ಮನೆಗೆ ಬಂದರು.

ಇಂಥ ಮಾವ ಕಳೆದ ವರ್ಷ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡರು. ಕಾಲು ಸರಿಯಾಯಿತು, ಆದರೆ ಮಾವ ಹಾಸಿಗೆ ಬಿಟ್ಟು ಏಳಲೊಲ್ಲರು. ನಡೆಯದಿದ್ದರೆ ಕಾಲು ಹಾಗೇ ಬಿಗಿದುಹೋಗುತ್ತದೆ ಎಂದು ಡಾಕ್ಟರು ಹೆದರಿಸಿದರು. ವ್ಯಾಯಾಮ ಮಾಡಿಸಲು ಬಂದ ಹುಡುಗಿ ಬೇಡಿಕೊಂಡಳು. ಮಗಳು ಅತ್ತಳು. ಎಲ್ಲರಿಗೂ ಮಾವನದು ಒಂದೇ ಉತ್ತರ, "ನಾಳೆ." ಬಿದ್ದುಬಿಟ್ಟರೆ ಎಂಬ ಭಯ ಎಂದು ನಮಗೆಲ್ಲ ಗೊತ್ತಿತ್ತು. ಹೇಳುವವರು ಯಾರು?

ನಾನು ನೋಡಲು ಹೋದ ದಿನ ಮೊಮ್ಮಗಳು ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಇದ್ದಕ್ಕಿದ್ದಂತೆ ಕೇಳಿದಳು, "ತಾತ, ಆಂಜನೇಯ ಸಮುದ್ರ ಹಾರೋವಾಗ ಅವನಿಗೆ ಭಯ ಆಗ್ಲಿಲ್ವಾ?"

ಕಥೆ ಕೇಳಿದರೆ ಮಾವ ಸುಮ್ಮನಿರಬಲ್ಲರೇ? ದಿಂಬಿಗೆ ಒರಗಿದರು. "ಅವನು ದಡದಲ್ಲಿ ಒಬ್ಬನೇ ಸುಮ್ನೆ ಕೂತಿದ್ದ ಪುಟ್ಟಾ. ತನ್ನ ಶಕ್ತಿ ಅವನಿಗೇ ಮರೆತುಹೋಗಿತ್ತು. ಆಮೇಲೆ ಒಂದು ಮುದಿ ಕರಡಿ ಬಂದು, ನೀನು ಯಾರು ಗೊತ್ತೇನೋ ಅಂತ ನೆನಪು ಮಾಡಿಕೊಡ್ತು. ನೋಡು, ನಿನ್ನ ಹೀರೋಗೆ ತನ್ನ ಶಕ್ತಿ ತನಗೇ ಗೊತ್ತಿರತ್ತೆ. ನಮ್ಮೋನಿಗೆ ಪಕ್ಕದಲ್ಲಿರೋರು ಹೇಳ್ಬೇಕು. ಅಷ್ಟೇ ವ್ಯತ್ಯಾಸ."

ಹೇಳಿ ಮುಗಿಸಿದ ಮೇಲೆ ತಾವು ಏನು ಹೇಳಿದೆವೆಂದು ಅವರಿಗೇ ತಿಳಿಯಿತೇನೋ. ಮುಖ ಗೋಡೆಯ ಕಡೆ ತಿರುಗಿಸಿಕೊಂಡರು.

ಅಡುಗೆಮನೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಈ ಹೀರೋಗಳ ಜಗಳದಲ್ಲಿ ಅವರು ಒಂದು ದಿನವೂ ಬಾಯಿ ಹಾಕಿದವರಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹಾಸಿಗೆಯ ಹತ್ತಿರ ಬಂದರು.

"ನಮ್ಮಪ್ಪ ಹೋದ್ಮೇಲೆ ನನ್ನ ತಂಗೀರ ಮದುವೆ ಮುಂದೆ ನಿಂತು ಮಾಡಿಸಿದ್ದು ಯಾರ್ರೀ? ಬಂದ್ ಅಂತ ಬಸ್ಸು ಆಟೋ ಇಲ್ದಿದ್ದ ದಿನ ಮಗಳಿಗೆ ಜ್ವರ ನೆತ್ತಿಗೇರಿದಾಗ ಹೆಗಲ ಮೇಲೆ ಹೊತ್ಕೊಂಡು ಚಾಮರಾಜಪೇಟೆ ಆಸ್ಪತ್ರೆವರೆಗೂ ಓಡಿದ್ದು ಯಾರು? ನಾನು ಹುಷಾರಿಲ್ದೇ ಮಲಗಿದ್ದಾಗ ನನ್ನ ತಲೆ ಬಾಚಿ ಜಡೆ ಹಾಕಿದ್ದು ಯಾರು?"

ಮಾವ ಈ ಕಡೆ ತಿರುಗಿದರು. "ಅಂದ್ರೆ... ಈಗ ನೀನು ಕರಡೀನಾ?"

"ಹೂಂ, ಕರಡೀನೇ. ಏಳಿ ಈಗ."

ಮಾವ ನಿಧಾನವಾಗಿ ಕಾಲು ಕೆಳಗಿಟ್ಟರು. ನಾನು ವಾಕರ್ ಮುಂದೆ ಸರಿಸಿದೆ. ಅವರು ಅದನ್ನು ನೋಡಲೂ ಇಲ್ಲ. ಅತ್ತೆಯ ಕೈ ಹಿಡಿದು ಎದ್ದು ನಿಂತರು.

"ಕೈ ಬಿಟ್ಬಿಡ್ಬೇಡ ಕಣೇ."

"ಬಿಟ್ರೆ ತಾನೇ," ಎಂದರು ಅತ್ತೆ.